ಎಕ್ಸ್‌ಪೈರ್ ಆದ ಪೋರ್ಚುಗಲ್ ರೆಸಿಡೆನ್ಸ್ ಕಾರ್ಡಲ್ಲೇ ಲಿಸ್ಬನ್‌ಗೆ ಹೋಗಿ ರಿನ್ಯೂ ಮಾಡಿಸ್ಕೊಂಡು ಬಂದಿದ್ದು: ನನ್ನ ಅನುಭವ

ಮೊದಲೇ ಹೇಳ್ಬಿಡ್ತೀನಿ, ಇದು ಪೋರ್ಚುಗಲ್ ಗೋಲ್ಡನ್ ವೀಸಾ (ಅಲ್ಲಿ ದುಡ್ಡು ಹೂಡಿದವರಿಗೆ ಸಿಗೋ ರೆಸಿಡೆನ್ಸ್ ಪರ್ಮಿಟ್) ತಗೊಳ್ಳೋದು ಹೇಗೆ ಅಂತ ಹೇಳಿಕೊಡೋ ಬರಹ ಅಲ್ಲ. ಎಆರ್‌ಐ (ಈ ಪರ್ಮಿಟ್ಟಿನ ಅಧಿಕೃತ ಹೆಸರು) ಏನು, ಎನ್‌ಐಎಫ್ (ಅಲ್ಲಿನ ಟ್ಯಾಕ್ಸ್ ನಂಬರ್) ಏನು, ಐದು ವರ್ಷ ದುಡ್ಡು ಮುಟ್ಟೋ ಹಾಗಿಲ್ಲ ಅನ್ನೋದೆಲ್ಲ ಓದೋರಿಗೆ ಗೊತ್ತೇ ಇರುತ್ತೆ. ಕಾರ್ಡ್ ಡೇಟ್ ಮುಗಿದಿದೆ, ಬಯೋಮೆಟ್ರಿಕ್ಸಿಗೆ ಖುದ್ದಾಗಿ ಬನ್ನಿ ಅಂತಾರೆ, ಹೋಗೋಣ ಅಂದ್ರೆ ಕಾರ್ಡ್ ಇಲ್ಲದೆ ವಿಮಾನ ಹತ್ತಿಸಲ್ಲ, ಈ ಪಜೀತೀಲಿ ಇರೋರಿಗೋಸ್ಕರ ಬರೀತಿದೀನಿ. ಮುಂಬೈ ಬಾಂದ್ರಾದ ಒಬ್ಬ ಕನ್ಸಲ್ಟೆಂಟ್ ಆಗಲ್ಲ ಅಂದ, ಮುಲುಂಡಲ್ಲಿರೋ ನಮ್ಮ ಊರಿನವರೇ ಇಬ್ಬರು ಮೂವರು ಆಗಲ್ಲ ಅಂದ್ರು, ನಮ್ಮ ಭಾವ ಅಂತೂ "ಸುಮ್ನೆ ಟಿಕೆಟ್ ದುಡ್ಡು ಹಾಳು ಮಾಡ್ಬೇಡಿ, ಸಹಾರ್ ಏರ್‌ಪೋರ್ಟಿಂದಾನೇ ವಾಪಸ್ ಬರ್ತೀರಿ" ಅಂದಿದ್ರು. ಈಗ ಹೊಸ ಕಾರ್ಡ್ ನನ್ನ ಡ್ರಾಯರಲ್ಲಿದೆ, ಭಾವನೇ ತಮ್ಮ ಫ್ರೆಂಡ್ಸಿಗೆ ನನ್ನ ನಂಬರ್ ಕೊಡ್ತಿದಾರೆ.

ನನ್ನದು ಸಾಕಿನಾಕಾದಲ್ಲಿ ವರ್ಕ್‌ಶಾಪ್, ಹೋಟೆಲ್ ಕಿಚನ್‌ಗಳಿಗೆ ದೋಸೆ ಕಾವಲಿ, ಇಡ್ಲಿ ಸ್ಟೀಮರ್, ಎಕ್ಸಾಸ್ಟ್ ಹುಡ್ ಮಾಡಿ ಕೊಡ್ತೀವಿ. 2021ರಲ್ಲಿ ಪೋರ್ಟೊದಲ್ಲಿ ಹಳೇ ಕಟ್ಟಡ ರಿಪೇರಿ ಮಾಡೋ ಸ್ಕೀಮಲ್ಲಿ ಮೂರೂವರೆ ಲಕ್ಷ ಯೂರೋ ಹಾಕಿದ್ದೆ. ಆ ದಾರಿ ಈಗ ಹುಡುಕ್ಬೇಡಿ, 2022 ಜನವರಿಗೆ ಲಿಸ್ಬನ್, ಪೋರ್ಟೊ ಮನೆಗಳು ಲಿಸ್ಟಿಂದ ಹೋದ್ವು, 2023 ಅಕ್ಟೋಬರ್‌ಗೆ ರಿಯಲ್ ಎಸ್ಟೇಟೇ ಪೂರ್ತಿ ಬಂದ್ ಆಯ್ತು. ದುಡ್ಡು ಕಳಿಸಿದ್ದು ಎಲ್‌ಆರ್‌ಎಸ್ (ಹೊರದೇಶಕ್ಕೆ ದುಡ್ಡು ಕಳಿಸೋ ಆರ್‌ಬಿಐ ಸ್ಕೀಮ್) ಲಿಮಿಟಲ್ಲೇ, ಹಣಕಾಸು ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್, ಅದಕ್ಕೇ ಮಾರ್ಚ್ ಕೊನೇಲಿ ಒಂದು ಕಂತು, ಏಪ್ರಿಲ್ ಮೊದಲ ವಾರ ಇನ್ನೊಂದು. ಆಗ ಟಿಸಿಎಸ್ (ದುಡ್ಡು ಕಳಿಸುವಾಗ ಬ್ಯಾಂಕ್ ಮೊದಲೇ ಹಿಡಿಯೋ ಟ್ಯಾಕ್ಸ್) ಏಳು ಲಕ್ಷದ ಮೇಲೆ 5 ಪರ್ಸೆಂಟ್ ಇತ್ತು, ರಿಟರ್ನ್ ಹಾಕಿದ್ಮೇಲೆ ವಾಪಸ್ ಬಂತು. ಈಗ ಹತ್ತು ಲಕ್ಷದ ಮೇಲೆ 20 ಪರ್ಸೆಂಟ್, ರಿಫಂಡ್ ಬರೋ ತನಕ ಅಷ್ಟು ಕ್ಯಾಶ್ ಸಿಕ್ಕಿಹಾಕ್ಕೊಳ್ಳುತ್ತೆ, ನನ್ನಂಥ ವರ್ಕಿಂಗ್ ಕ್ಯಾಪಿಟಲ್ ಮೇಲೆ ಓಡೋ ಧಂಧೆಯವರಿಗೆ ಇದು ದೊಡ್ಡ ಪೆಟ್ಟು.

ಎರಡು ವರ್ಷದ ಕಾರ್ಡು 2024ರ ಕೊನೇಲಿ ಮುಗೀತು. ಆಗಿನ ಪರಿಸ್ಥಿತಿ ನೆನಪಿರ್ಬೇಕು ನಿಮಗೆ, ಅಲ್ಲಿನ ಹಳೇ ಇಮಿಗ್ರೇಶನ್ ಇಲಾಖೆ ಎಸ್‌ಇಎಫ್ 2023 ಅಕ್ಟೋಬರ್ 29ಕ್ಕೆ ಮುಚ್ಚಿ ಅದರ ಜಾಗಕ್ಕೆ ಎಐಎಂಎ ಬಂದಾಗ ಸುಮಾರು ನಾಲ್ಕು ಲಕ್ಷ ಫೈಲ್ ಬಾಕಿ ಇತ್ತು. ಎಲ್ಲರ ಕಾರ್ಡೂ ಮುಗೀತಾ ಬಂತು, ಹೊಸದು ಬರ್ಲಿಲ್ಲ. ಅದಕ್ಕೇ ಅವರ ಸರ್ಕಾರ ಕೋವಿಡ್ ಕಾಲದ ಡಿಕ್ರಿಯನ್ನ, ಅಂದ್ರೆ ಸರ್ಕಾರಿ ಆದೇಶವನ್ನ, 2020 ಮಾರ್ಚ್ 13ರ 10-ಎ/2020, ಎಳೀತಾ ಎಳೀತಾ ಬಂತು, 41-ಎ/2024 ಅನ್ನೋದರಲ್ಲಿ 2025 ಜೂನ್ 30ರ ತನಕ ಮುಗಿದ ಕಾರ್ಡೂ ನಡೆಯುತ್ತೆ ಅಂತ ಮಾಡಿದ್ರು. ಅಂದ್ರೆ ಪೋರ್ಚುಗಲ್ ಕಾನೂನಿನ ಪ್ರಕಾರ ನನ್ನ ಕಾರ್ಡಿಗೆ ಜೀವ ಇತ್ತು. ಆದ್ರೆ ಆ ಕಾನೂನು ಪೋರ್ಚುಗಲ್ಲಿಗೆ ಮಾತ್ರ, ಜರ್ಮನಿ, ಫ್ರಾನ್ಸ್ ಬಾರ್ಡರಲ್ಲಿ ಕೂತಿರೋ ಆಫೀಸರ್ ಅದನ್ನ ಒಪ್ಪಲೇಬೇಕು ಅಂತಿಲ್ಲ, ಇಡೀ ಆಟ ಇರೋದೇ ಇಲ್ಲಿ.

ಮೊದಲನೇ ಸಲ ಟ್ರಾವೆಲ್ ಏಜೆಂಟ್ ಯುರೋಪಿನ ಒಂದು ಊರಲ್ಲಿ ವಿಮಾನ ಬದಲಾಯಿಸೋ ಟಿಕೆಟ್ ಮಾಡಿದ್ದ, ರೇಟ್ ಕಮ್ಮಿ ಅಂತ. ಶೆಂಗೆನ್ (ಒಂದೇ ವೀಸಾದಲ್ಲಿ ಓಡಾಡೋ ಯುರೋಪ್ ದೇಶಗಳ ಗುಂಪು) ಒಳಗೆ ಮೊದಲು ಇಳಿದ ಊರಲ್ಲೇ ಇಮಿಗ್ರೇಶನ್ ಆಗುತ್ತೆ, ಲಿಸ್ಬನ್ನಲ್ಲಿ ಅಲ್ಲ. ಮುಂಬೈ ಏರ್‌ಪೋರ್ಟ್ ಟಿ2 ಟರ್ಮಿನಲಲ್ಲಿ ಚೆಕ್‌ಇನ್ ಕೌಂಟರ್ ಹುಡುಗಿ ಕಾರ್ಡ್ ತಿರುಗಿಸಿ ಡೇಟ್ ನೋಡಿದ್ಲು, ಸೂಪರ್‌ವೈಸರ್ ಬಂದ, ಡಿಕ್ರಿ ತೋರಿಸಿದೆ, ಲಾಯರ್ ಲೆಟರ್ ತೋರಿಸಿದೆ, ರಾತ್ರಿ ಎರಡು ಗಂಟೆ ತನಕ ವಾದ ಮಾಡಿದೆ, ಬೋರ್ಡಿಂಗ್ ಪಾಸ್ ಕೊಡ್ಲಿಲ್ಲ. ನನ್ನದು, ಮನೆಯವಳದ್ದು ಇಬ್ಬರ ಟಿಕೆಟ್ ಸೇರಿ ಲಕ್ಷದ ಹತ್ರ ಹೋಯ್ತು, ಟ್ಯಾಕ್ಸ್ ಅಂತ ಏಳೆಂಟು ಸಾವಿರ ವಾಪಸ್ ಬಂತು ಅಷ್ಟೇ. ಅಪಾಯಿಂಟ್‌ಮೆಂಟೂ ಹೋಯ್ತು, ಅದು ಟಿಕೆಟ್ ದುಡ್ಡಿಗಿಂತ ದೊಡ್ಡ ನಷ್ಟ. ಆದ್ರೆ ಆ ರಾತ್ರಿ ಒಂದು ವಿಷ್ಯ ಪಕ್ಕಾ ಆಯ್ತು: ನಮ್ಮನ್ನ ತಡೆಯೋದು ಲಿಸ್ಬನ್ ಆಫೀಸರ್ ಅಲ್ಲ, ಮುಂಬೈ ಕೌಂಟರ್. ಪೇಪರ್ ಸರಿ ಇಲ್ಲದವರನ್ನ ಕರ್ಕೊಂಡು ಹೋದ್ರೆ ಏರ್‌ಲೈನಿಗೆ ತಲೆಗೆ ಸಾವಿರಾರು ಯೂರೋ ದಂಡ ಬೀಳುತ್ತೆ, ಮೇಲೆ ವಾಪಸ್ ತರೋ ಖರ್ಚೂ ಅವರದ್ದೇ. ಹಾಗಾಗಿ ಫೈಲ್ ರೆಡಿ ಮಾಡ್ಬೇಕಾದ್ದು ಕೌಂಟರಿಗೋಸ್ಕರ.

ಮಧ್ಯೆ ಬೇರೆ ದಾರಿಗಳನ್ನೂ ಟ್ರೈ ಮಾಡಿದೆ. ಮಾಮೂಲಿ ಶೆಂಗೆನ್ ಟೂರಿಸ್ಟ್ ವೀಸಾ ಹಾಕ್ಸೋಣ ಅಂತ ವಿಚಾರಿಸಿದೆ, ನೀವು ರೆಸಿಡೆಂಟ್ ಅಲ್ವಾ, ನಿಮಗೆ ಟೂರಿಸ್ಟ್ ವೀಸಾ ಯಾಕೆ ಅನ್ನೋ ಪ್ರಶ್ನೆಗೇ ಬಂದು ನಿಂತಿತು. ಮಾಂಡೋವಿ ಎಕ್ಸ್‌ಪ್ರೆಸ್ ಹತ್ತಿ ಗೋವಾಕ್ಕೆ ಹೋಗಿ ಪಣಜಿಯ ಪೋರ್ಚುಗೀಸ್ ಕಾನ್ಸುಲೇಟಲ್ಲೂ ಕೇಳಿ ಬಂದೆ. ಅಲ್ಲಿ ಸಾಲಲ್ಲಿರೋರೆಲ್ಲ 1961ರ ಡಿಸೆಂಬರಿಗೆ ಮುಂಚೆ ಹುಟ್ಟಿದ ತಂದೆತಾಯಿ, ಅಜ್ಜ ಅಜ್ಜಿ ದಾಖಲೆ ಹಿಡ್ಕೊಂಡು ಪೋರ್ಚುಗೀಸ್ ನ್ಯಾಷನಾಲಿಟಿಗೆ ಬಂದ ಗೋವಾದವರು, ನಮ್ಮ ಎಆರ್‌ಐ ರಿನ್ಯೂವಲ್ ಆಗೋದು ಪೋರ್ಚುಗಲ್ಲಲ್ಲೇ. ಹೋದದ್ದು ದಂಡ ಆಗ್ಲಿಲ್ಲ, ವಾಸ್ಕೋದಲ್ಲಿ ನಮ್ಮ ಹುಬ್ಬಳ್ಳಿ ಕಡೆಯ ಒಬ್ಬರ ರೆಸ್ಟೋರೆಂಟಿಗೆ ಎರಡು ಹುಡ್ ಆರ್ಡರ್ ಸಿಕ್ತು. ಮತ್ತೆ ನಾಲ್ಕೈದು ಏರ್‌ಲೈನಿಗೆ ಮೇಲ್ ಹಾಕಿದೆ, ಎಲ್ಲರದ್ದೂ ಒಂದೇ ಉತ್ತರ, ದಾಖಲೆ ಪ್ರಯಾಣಿಕರ ಜವಾಬ್ದಾರಿ ಅಂತ. ಒಂದು ಏರ್‌ಲೈನ್ ಮಾತ್ರ ಸ್ವಲ್ಪ ಬೇರೆ ಥರ ಬರೀತು, ಆ ಮೇಲನ್ನ ಕಲರ್ ಪ್ರಿಂಟ್ ತೆಗೆದಿಟ್ಕೊಂಡೆ. ಯಾವ ಏರ್‌ಲೈನ್ ಅಂತ ಇಲ್ಲಿ ಹೇಳಲ್ಲ, ಎಲ್ರೂ ಒಟ್ಟಿಗೆ ಬರೆದ್ರೆ ಆ ಬಾಗಿಲೂ ಮುಚ್ಚುತ್ತೆ.

ರೂಟ್ ವಿಷ್ಯ ಮಾತ್ರ ಮುಚ್ಚಿಡಲ್ಲ. ಮುಂಬೈಯಿಂದ ಶೆಂಗೆನ್ ಹೊರಗಿನ ಒಂದೇ ಸ್ಟಾಪ್ ಇಟ್ಕೊಂಡು ಸೀದಾ ಲಿಸ್ಬನ್ ಇಳೀಬೇಕು. ದುಬೈ ಇದೆ, ಇಸ್ತಾಂಬುಲ್ ಇದೆ, ಎರಡರಿಂದಲೂ ಲಿಸ್ಬನ್‌ಗೆ ನೇರ ವಿಮಾನ ಇದೆ, ಏರ್‌ಪೋರ್ಟ್ ಒಳಗೇ ವಿಮಾನ ಬದಲಾಯಿಸಿದ್ರೆ ನಮ್ಮ ಪಾಸ್‌ಪೋರ್ಟಿಗೆ ವೀಸಾ ಕೇಳಲ್ಲ. ಲಂಡನ್ ಬೇಡ, ಅಲ್ಲಿ ಟ್ರಾನ್ಸಿಟ್ ವೀಸಾ ವಿನಾಯಿತಿ ಸಿಗೋದು ಕಾರ್ಡ್ ಚಾಲ್ತಿಯಲ್ಲಿದ್ರೆ. ವಾಪಸ್ ಬರೋ ಟಿಕೆಟೂ ಇದೇ ರೂಟಲ್ಲಿ, ಒಂದೇ ಪಿಎನ್‌ಆರಲ್ಲಿ ಇರ್ಬೇಕು. ತಲೆಗೆ ಹದಿನೈದು ಇಪ್ಪತ್ತು ಸಾವಿರ ಜಾಸ್ತಿ ಆಗುತ್ತೆ, ಕೊಡಿ.

ಫೈಲಲ್ಲಿ ಇಟ್ಟಿದ್ದು: ಅವರ ಗೆಜೆಟ್, ಅಂದ್ರೆ ಡಿಯಾರಿಯೊ ದ ರೆಪುಬ್ಲಿಕಾದಿಂದ ತೆಗೆದ ಡಿಕ್ರಿ ಪ್ರಿಂಟು, ಪಕ್ಕದಲ್ಲೇ ಇಂಗ್ಲಿಷ್ ಅನುವಾದ, ಜೂನ್ 30 ಅನ್ನೋ ಸಾಲಿಗೆ ಹಳದಿ ಹೈಲೈಟರ್. ಅಪಾಯಿಂಟ್‌ಮೆಂಟ್ ಮೇಲ್, ಪೋರ್ಟಲಲ್ಲಿ ಅಪ್ಲಿಕೇಶನ್ ಹಾಕಿದ ರಸೀದಿ, ಲಾಯರ್ ಲೆಟರಲ್ಲಿ ಲಿಸ್ಬನ್ ಮೊಬೈಲ್ ನಂಬರ್. ಇವನ್ನ ಯಾವ ಆರ್ಡರಲ್ಲಿ ಕೊಡ್ತೀವಿ ಅನ್ನೋದು ಮುಖ್ಯ, ಮೊದಲು ಅಪಾಯಿಂಟ್‌ಮೆಂಟ್, ಕಾರ್ಡ್ ಕೊನೇಲಿ. ಕೌಂಟರಿಗೆ ನಾಲ್ಕು ಗಂಟೆ ಮುಂಚೆ ಹೋಗಿ, ಕ್ಯೂ ಇಲ್ಲದಾಗ ಸೀದಾ ಸೂಪರ್‌ವೈಸರನ್ನೇ ಕೇಳಿ. ನಮ್ಮ ಸಲ ಆತ ಏರ್‌ಲೈನಿನ ಲಿಸ್ಬನ್ ಆಫೀಸಿಗೆ ಮೆಸೇಜ್ ಹಾಕ್ದ, ಮುಕ್ಕಾಲು ಗಂಟೆ ಬಿಟ್ಟು ಓಕೆ ಬಂತು. ಆ ನಲವತ್ತೈದು ನಿಮಿಷ ಸಿಗ್ಬೇಕು ಅಂತಾನೇ ಬೇಗ ಹೋಗೋದು. ನಮ್ಮ ಇಮಿಗ್ರೇಶನ್ ಕೌಂಟರಲ್ಲೂ ಕೇಳಿದ್ರು, ಬೋರ್ಡಿಂಗ್ ಪಾಸ್ ಇತ್ತು, ಡಿಕ್ರಿ ಓದಿ ಸೀಲ್ ಹಾಕಿದ್ರು.

ಲಿಸ್ಬನ್ನಲ್ಲಿ ಕ್ಯೂ ಒಂದೂವರೆ ಗಂಟೆ, ಮಾತು ಒಂದು ನಿಮಿಷ. ಆಫೀಸರ್ ಕಾರ್ಡ್ ನೋಡ್ದ, ಕಂಪ್ಯೂಟರ್ ನೋಡ್ದ, ರಿನ್ಯೂವಲ್ಲಾ ಅಂದ, ಹೌದು ಅಂದೆ, ಮುಗೀತು. ಮನೆಯವಳು ಭಾವನಿಗೆ ವಾಟ್ಸಾಪಲ್ಲಿ ಏರ್‌ಪೋರ್ಟ್ ಫೋಟೋ ಕಳಿಸಿದ್ಲು. ಪೋರ್ಟೊದಿಂದ ಸ್ಪೇನಿನ ವಿಗೊ ಊರಿಗೆ ರೈಲಲ್ಲಿ ಎರಡು ಮೂರು ಗಂಟೆ ದಾರಿ, ಒಬ್ಬರು ಹೋಗ್ಬನ್ನಿ ಅಂದ್ರು, ನಾವು ಪೋರ್ಚುಗಲ್ ಗಡಿ ದಾಟ್ಲಿಲ್ಲ, ಮುಗಿದ ಕಾರ್ಡ್ ಇಟ್ಕೊಂಡು ಯಾರೂ ದಾಟ್ಬಾರದು.

ಬಯೋಮೆಟ್ರಿಕ್ಸಲ್ಲಿ ನನ್ನ ಬೆರಳು ದೊಡ್ಡ ಚಿಂತೆ ಆಗಿತ್ತು. ಇಪ್ಪತ್ತೈದು ವರ್ಷ ಗ್ರೈಂಡರ್, ವೆಲ್ಡಿಂಗ್ ಮಾಡಿದ ಕೈ, ಆಧಾರ್ ಮಷೀನಲ್ಲೇ ಸರಿಯಾಗಿ ಬರಲ್ಲ. ಹೊರಡೋ ಮುಂಚೆ ಎರಡು ವಾರ ಪ್ರಯೋಗ ಮಾಡಿದೆ, ಒಂದು ಕೈಗೆ ರಾತ್ರಿ ಕೊಬ್ಬರಿ ಎಣ್ಣೆ, ಇನ್ನೊಂದಕ್ಕೆ ಗ್ಲಿಸರಿನ್, ಬೆಳಿಗ್ಗೆ ರೇಷನ್ ಅಂಗಡಿ ಮಷೀನಲ್ಲಿ ಚೆಕ್. ಗ್ಲಿಸರಿನ್ ಕೈ ಪ್ರತಿಸಲ ಗೆದ್ದಿತು. ಪೋರ್ಚುಗಲ್ಲಲ್ಲೂ ಎರಡನೇ ಸಲಕ್ಕೆ ಬೆರಳಚ್ಚು ಬಂತು. ಫ್ಯಾಬ್ರಿಕೇಶನ್, ಕನ್‌ಸ್ಟ್ರಕ್ಷನ್ ಧಂಧೆಯವರು ಇದನ್ನ ಮಾಡ್ಲೇಬೇಕು.

ಪೇಪರ್ ವಿಷ್ಯದಲ್ಲಿ ಎರಡೇ ಮಾತು. ಫಿನಾನ್ಸಾಸ್‌ನ (ಅಲ್ಲಿನ ಟ್ಯಾಕ್ಸ್ ಇಲಾಖೆ) ‘ಬಾಕಿ ಇಲ್ಲ’ ಸರ್ಟಿಫಿಕೇಟ್ ಮೂರು ತಿಂಗಳು, ಸೋಶಿಯಲ್ ಸೆಕ್ಯುರಿಟಿದು ನಾಲ್ಕು ತಿಂಗಳು ಮಾತ್ರ ನಡೆಯುತ್ತೆ, ಅಪಾಯಿಂಟ್‌ಮೆಂಟ್ ಮುಂದಕ್ಕೆ ಹೋದ್ರೆ ಎರಡನ್ನೂ ಹೊಸದಾಗಿ ತೆಗೀರಿ. ಇನ್ನೊಂದು, ಎರಡು ವರ್ಷಕ್ಕೆ 14 ದಿನ ಅಲ್ಲಿದ್ದ ಪುರಾವೆ. ರೆಸಿಡೆನ್ಸ್ ಕಾರ್ಡ್ ಇರೋರ ಪಾಸ್‌ಪೋರ್ಟಿಗೆ ಶೆಂಗೆನ್ ಬಾರ್ಡರಲ್ಲಿ ಸೀಲ್ ಹಾಕೋ ಪದ್ಧತಿ ಇಲ್ಲ, ಹಾಗಾಗಿ ಬೋರ್ಡಿಂಗ್ ಪಾಸ್, ಹೋಟೆಲ್ ಬಿಲ್, ಅಲ್ಲಿ ಕಾರ್ಡ್ ಉಜ್ಜಿದ ಸ್ಟೇಟ್‌ಮೆಂಟ್ ಎಲ್ಲ ಒಂದೊಂದೂ ಎತ್ತಿಡಿ, ನಾನು ಕಾಫಿ ಬಿಲ್ಲೂ ಇಟ್ಟಿದ್ದೆ.

ಖರ್ಚು: ಸರ್ಕಾರಿ ಫೀಸ್ ತಲೆಗೆ ಮೂರು ಸಾವಿರ ಯೂರೋ ಆಸುಪಾಸು, ಜೊತೆಗೆ ಅಪ್ಲಿಕೇಶನ್ ಫೀಸ್ ಬೇರೆ, ಲಾಯರಿಗೆ ಇಬ್ಬರದ್ದೂ ಸೇರಿ ಸಾವಿರದ ಇನ್ನೂರು ಯೂರೋ ಹತ್ರ. ಟಿಕೆಟ್, ಹೋಟೆಲ್, ಮೊದಲ ಸಲದ ನಷ್ಟ ಎಲ್ಲ ಕೂಡಿ ಹತ್ತು ಲಕ್ಷ ರೂಪಾಯಿ ಮುಟ್ಟಿರ್ಬೇಕು. ಬಾಂದ್ರಾದವನು ಕೇಳಿದ್ದು ಬರೀ ಕನ್ಸಲ್ಟೆನ್ಸಿಗೇ ನಾಲ್ಕು ಲಕ್ಷ, ಅದೂ ಕಾರ್ಡ್ ಬರೋ ತನಕ ಇಂಡಿಯಾ ಬಿಡಬೇಡಿ ಅನ್ನೋ ಸಲಹೆಗೆ. ಹೋದ ಅಪಾಯಿಂಟ್‌ಮೆಂಟ್ ಅಷ್ಟು ಬೇಗ ಮತ್ತೆ ಹೇಗೆ ಸಿಕ್ತು ಅಂತ ಎಲ್ಲರೂ ಕೇಳ್ತಾರೆ, ಅದು ನನ್ನ ಹತ್ರಾನೇ ಇರ್ಲಿ, ನ್ಯಾಯವಾದ ದಾರೀಲೇ ಸಿಕ್ಕಿದ್ದು ಅಂತ ಮಾತ್ರ ಹೇಳ್ತೀನಿ.

ಈಗ ಹೊರಡೋರು ನನ್ನ ಡಿಕ್ರಿ ಪ್ರಿಂಟ್ ಇಟ್ಕೊಂಡು ಹೋಗ್ಬೇಡಿ, ಅದು ಸತ್ತಿದೆ. 85-ಬಿ/2025ರಲ್ಲಿ 2025 ಅಕ್ಟೋಬರ್ 15ರ ತನಕ ತಳ್ಳಿದ್ರು, ಆಮೇಲೆ ಲೆಕ್ಕ ಬದಲಾಗಿದೆ, ರಿನ್ಯೂವಲ್ ಹಾಕಿದ ರಸೀದಿ ಮೇಲೆ ಜಾಸ್ತಿ ನಿಂತಿದೆ. ಹೊರಡೋ ವಾರದಲ್ಲಿ ಏನು ನಡೀತಿದೆಯೋ ಅದನ್ನ ಗೆಜೆಟಲ್ಲೇ ನೋಡಿ. ರೂಟ್ ಮತ್ತೆ ಕೌಂಟರ್ ವಿಷ್ಯ ಹಾಗೇ ಇದೆ.

ಹೊಸ ಕಾರ್ಡ್ ಎರಡು ಮೂರು ತಿಂಗಳು ಬಿಟ್ಟು ಲಾಯರ್ ಅಡ್ರೆಸಿಗೆ ಪೋಸ್ಟಲ್ಲಿ ಬಂತು, ಪರಿಚಯದ ಹುಡುಗ ಒಬ್ಬ ಲಿಸ್ಬನ್ನಿಂದ ಬರ್ತಿದ್ದ, ಅವನ ಕೈಲಿ ತರಿಸ್ದೆ. ಈ ವರ್ಷದ ರಿಟರ್ನಲ್ಲಿ ಶೆಡ್ಯೂಲ್ ಎಫ್‌ಎಗೆ (ಹೊರದೇಶದ ಆಸ್ತಿ ತೋರಿಸೋ ಪಟ್ಟಿ) ಪೋರ್ಟೊ ಫ್ಲಾಟೂ ಅಲ್ಲಿನ ಬ್ಯಾಂಕ್ ಅಕೌಂಟೂ ಎರಡನ್ನೂ ಸಿಎಗೆ ಹೇಳಿ ಹಾಕ್ಸಿದೀನಿ, ನೀವೂ ಹಾಕ್ಸಿ, ಬಿಟ್ರೆ ಹತ್ತು ಲಕ್ಷ ದಂಡ ಬೀಳಬಹುದು.