ಮಗಳ ಆಟಿಕೆ ಪೆಟ್ಟಿಗೆ: ಕಷ್ಟವೆಲ್ಲ ಮುಚ್ಚಳದ್ದು

ಆಟಿಕೆ ಪೆಟ್ಟಿಗೆಯಲ್ಲಿ ಸುಲಭದ ಭಾಗ ಪೆಟ್ಟಿಗೆ. ನಾಲ್ಕು ಹಲಗೆ, ಒಂದು ತಳ. ರಜೆಯಲ್ಲಿ ಗರಗಸ, ಕೀಸುಳಿ ಹಿಡಿದು ಅಭ್ಯಾಸ ಇರುವ ಯಾರಾದರೂ ಮಾಡಿಯಾರು. ಎರಡು ವರ್ಷದ ಮಗು ಬಳಸುವ ಪೆಟ್ಟಿಗೆಯಾದರೆ ತಲೆ ಓಡಿಸಬೇಕಾದದ್ದು ಮುಚ್ಚಳಕ್ಕೆ.

ನಮ್ಮ ಪಕ್ಕದ ಆಚಾರಿಯವರು ಮೊದಲ ದಿನವೇ ಕೇಳಿದ್ದರು, "ಮಾಷ್ಟ್ರೇ, ಮುಚ್ಚಳ ಯಾಕೆ? ಅದಿಲ್ಲದಿದ್ರೆ ನಿಮಗೆ ಅರ್ಧ ಕೆಲಸ ಇಲ್ಲ, ಮಗುವಿಗೆ ಅಪಾಯವೇ ಇಲ್ಲ." ಅವರು ಹೇಳಿದ್ದು ಸರಿ. ಈಗಷ್ಟೇ ಹಿಡಿದು ನಿಲ್ಲಲು ಕಲಿಯುತ್ತಿರುವ ಮಗು ಇರುವ ಮನೆಗೆ ಮುಚ್ಚಳವಿಲ್ಲದ ತೆರೆದ ಪೆಟ್ಟಿಗೆಯೇ ಒಳ್ಳೆಯದು, ಅದನ್ನು ಈಗಲೂ ಹೇಳುತ್ತೇನೆ. ಆದರೆ ಪುತ್ತೂರು ಕಡೆಯ ನಮ್ಮದು ಹಂಚಿನ ಮನೆ. ಮಾಡಿನಿಂದ ಧೂಳು, ಹಲ್ಲಿಯ ಹಿಕ್ಕೆ ಬೀಳುವುದು ನಿಲ್ಲುವುದಿಲ್ಲ. ಬಾಯಿಗೆ ಹಾಕುವ ಸಾಮಾನಿನ ಮೇಲೆ ಅದು ಬೇಡ ಎಂದು ಮುಚ್ಚಳಕ್ಕೇ ಹೊರಟೆ.

ಅಪಾಯ ಏನೆಂದರೆ, ಮಗು ಅಂಚಿನ ಮೇಲೆ ಬಾಗಿ ಒಳಗೆ ಕೈ ಹಾಕಿರುತ್ತದೆ. ಮುಚ್ಚಳ ಹಿಂದಿನಿಂದ ತಲೆಗೋ ಕುತ್ತಿಗೆಗೋ ಬೀಳುತ್ತದೆ. ಕುತ್ತಿಗೆ ಅಂಚಿಗೂ ಮುಚ್ಚಳಕ್ಕೂ ನಡುವೆ ಸಿಕ್ಕಿಕೊಳ್ಳುತ್ತದೆ. ಅಷ್ಟು ಸಣ್ಣ ಮಗುವಿಗೆ ಅದನ್ನು ಎತ್ತಿ ಬಿಡಿಸಿಕೊಳ್ಳುವ ಶಕ್ತಿ ಇಲ್ಲ. ಹೀಗೆ ಮಕ್ಕಳು ಸತ್ತಿದ್ದರಿಂದಲೇ ಆಟಿಕೆ ಪೆಟ್ಟಿಗೆಯ ಮುಚ್ಚಳಕ್ಕೆ ಸುರಕ್ಷತಾ ಮಾನದಂಡಗಳಲ್ಲಿ ಬೇರೆ ನಿಯಮ ಬಂತು. ನಮ್ಮಲ್ಲಿ ಮಾರುವ ಆಟಿಕೆಗಳಿಗೆ 2021ರ ಜನವರಿಯಿಂದ ಐಎಸ್‌ 9873 ಎಂಬ ಭಾರತೀಯ ಸುರಕ್ಷತಾ ಮಾನದಂಡ ಕಡ್ಡಾಯ. ಮನೆಯಲ್ಲಿ ಮಾಡಿಕೊಂಡದ್ದನ್ನು ಯಾರೂ ಬಂದು ಪರೀಕ್ಷಿಸುವುದಿಲ್ಲ. ಆದರೂ ಅಳತೆಗಳನ್ನು ಇಂಥ ಮಾನದಂಡಗಳಿಂದಲೇ ತೆಗೆದುಕೊಂಡೆ. ಅವುಗಳ ಒಳ್ಳೆಯ ಗುಣವೆಂದರೆ "ಜಾಗ್ರತೆ ಇರಲಿ" ಎನ್ನುವುದಿಲ್ಲ, ಮಿಲಿಮೀಟರಿನಲ್ಲಿ ಹೇಳುತ್ತವೆ. ಮುಚ್ಚಳವನ್ನು ಎಲ್ಲಿ ಬಿಟ್ಟರೂ ಅದು ತನ್ನ ಭಾರಕ್ಕೆ 12 ಎಂಎಂಗಿಂತ ಹೆಚ್ಚು ಇಳಿಯಬಾರದು. ಮುಚ್ಚಿಕೊಳ್ಳುವ ಕೊನೆಯ 50 ಎಂಎಂ ಮಾತ್ರ ಇದಕ್ಕೆ ಹೊರತು. ಹೀಗೆ 7,000 ಸಲ ತೆಗೆದು ಮುಚ್ಚಿದ ಮೇಲೂ ಹಾಗೇ ನಿಲ್ಲಬೇಕು. ಆ ಪರೀಕ್ಷೆಯನ್ನು ಮಗಳಿಗೆ ವಹಿಸಿದ್ದೇನೆ, ಅವಳು ಬೇಗ ಮುಗಿಸುವ ಲಕ್ಷಣ ಕಾಣುತ್ತಿದೆ.

ಮೊದಲು ಮುಚ್ಚಳದ ಭಾರ ಇಳಿಸಬೇಕು. ಪೆಟ್ಟಿಗೆಯ ಅಳತೆ 30 ಇಂಚು ಉದ್ದ, 16 ಇಂಚು ಅಗಲ, 14 ಇಂಚು ಎತ್ತರ. ಇನ್ನೂ ಎತ್ತರವಾದರೆ ತಳದ ಆಟಿಕೆ ತೆಗೆಯಲು ಮಗು ಹೊಟ್ಟೆಯ ಮೇಲೆ ಬಾಗಿ ತಲೆಕೆಳಗಾಗುತ್ತದೆ. ಮೈಗೆ ಬಳಸಿದ್ದು ಹಲಸಿನ ಹಲಗೆ. ತೋಟದಲ್ಲಿ ಬಿದ್ದ ಮರವನ್ನು ಮಿಲ್ಲಿನಲ್ಲಿ ಕೊಯ್ಯಿಸಿ ಒಣಗಲು ಇಟ್ಟದ್ದಿತ್ತು. ಹಲಸು ಉಳಿಗೆ ಒಗ್ಗುತ್ತದೆ, ಗೆದ್ದಲಿಗೆ ಸುಲಭಕ್ಕೆ ಬಗ್ಗುವುದಿಲ್ಲ, ಹಳದಿ ಬಣ್ಣ ವರ್ಷ ಕಳೆದಂತೆ ಕಂದಾಗುತ್ತದೆ. ಆದರೆ ಅದೇ ಹಲಗೆಯನ್ನು ಮುಚ್ಚಳಕ್ಕೂ ಹಾಕಿದರೆ ಭಾರವೂ ಹೆಚ್ಚು, ಕರಾವಳಿಯ ಮಳೆಗಾಲದಲ್ಲಿ ಸೊಟ್ಟಗಾಗುವುದೂ ಖಂಡಿತ. ಹಾಗಾಗಿ ಮುಚ್ಚಳಕ್ಕೆ 12 ಎಂಎಂ ಪ್ಲೈವುಡ್, ಸುತ್ತಲಿನ ಅಂಚಿಗೆ ಹಲಸಿನ ತೆಳು ಪಟ್ಟಿ. ಪ್ಲೈವುಡ್ಡಿನ ಬರಿ ಅಂಚಿನಲ್ಲಿ ಸಿಬಿರು ಏಳುತ್ತದೆ, ಮಗು ಕಚ್ಚುವುದೂ ಅಲ್ಲೇ. ಅಗ್ಗದ ಎಂಆರ್ (ತೇವ ತಡೆಯುವ) ಪ್ಲೈಯ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಹಾನಿಕರ ಅನಿಲ ಹೊರಬರುತ್ತಿರುತ್ತದೆ. ಅದಕ್ಕೇ ಆ ಅನಿಲ ತೀರಾ ಕಡಿಮೆ ಎಂದು ಸೂಚಿಸುವ ಇ-0 ಮುದ್ರೆ ಇರುವುದನ್ನು ಕೇಳಿ ತಂದೆ.

ಈ ಮುಚ್ಚಳ ಸುಮಾರು ಎರಡೂಕಾಲು ಕೆಜಿ ತೂಗುತ್ತದೆ. ಅದರ ಭಾರದ ನಡು ಹಿಂಜಿನಿಂದ 20 ಸೆಂಮೀ ದೂರ. ಅಂದರೆ ಹಿಂಜಿನ ಬಳಿ ತಡೆದುಕೊಳ್ಳಬೇಕಾದದ್ದು 45 ಕೆಜಿ-ಸೆಂಮೀ ತಿರುಚು ಬಲ. ಈ ಲೆಕ್ಕ ಇಲ್ಲದೆ ಹಾರ್ಡ್‌ವೇರ್ ಅಂಗಡಿಗೆ ಹೋದರೆ ಅಡುಗೆಮನೆಯ ಕಪಾಟಿನ ಬಾಗಿಲು ಎತ್ತಿ ಹಿಡಿಯಲು ಹಾಕುವ, ಅನಿಲ ತುಂಬಿದ ಗ್ಯಾಸ್ ಪಂಪ್ ಕೈಗೆ ಬರುತ್ತದೆ. ಎಲ್ಲರೂ ಕೊಡುವುದು ಅದನ್ನೇ. ನನಗೆ ಅದು ಹಿಡಿಸಲಿಲ್ಲ. ಬಲ ಜಾಸ್ತಿಯಾದರೆ ಹಗುರ ಮುಚ್ಚಳ ಬಗ್ಗಿ ನಿಂತ ಮಗುವಿನ ಗಲ್ಲಕ್ಕೆ ಹೊಡೆಯುವ ಹಾಗೆ ಚಿಮ್ಮುತ್ತದೆ. ಕಮ್ಮಿಯಾದರೆ ಅರ್ಧ ದಾರಿಯವರೆಗೆ ಹಿಡಿದು, ಆಮೇಲೆ ಕೈಬಿಡುತ್ತದೆ. ವರ್ಷಗಳು ಕಳೆದಂತೆ ಗ್ಯಾಸ್ ಸೋರುತ್ತದೆ, ಸೋರಿದ್ದು ಹೊರಗೆ ಕಾಣುವುದಿಲ್ಲ. ನಾನು ಹಾಕಿದ್ದು ಸ್ಕ್ರೂ ತಿರುಗಿಸಿ ಬಿಗಿ ಮಾಡಬಹುದಾದ ಫ್ರಿಕ್ಷನ್ ಸ್ಟೇ, ಅಂದರೆ ಕೀಲಿನ ಉಜ್ಜುವಿಕೆಯಿಂದಲೇ ಮುಚ್ಚಳವನ್ನು ಹಿಡಿದು ನಿಲ್ಲಿಸುವ ತೋಳು, ಎರಡು ಬದಿಗೆ ಒಂದೊಂದು. ಒಂದು ಸಡಿಲವಾದರೂ ಇನ್ನೊಂದು ಹಿಡಿಯಬೇಕು.

ಹಿಂಜಿಗೆ ಬಂದರೆ, ಬಿಡಿ ಹಿಂಜ್‌ಗಳ ನಡುವೆ ಉಳಿಯುವ ಸಂದು ಬೆರಳಿಗೆ ಶತ್ರು. ನಿಯಮ ಸರಳ: ಆ ಸಂದಿನಲ್ಲಿ 5 ಎಂಎಂ ಸರಳು ಹೋಗುವುದಾದರೆ 12 ಎಂಎಂ ಸರಳೂ ಹೋಗಬೇಕು. ಅಂದರೆ ಬೆರಳು ಹೊಗಲೇಬಾರದು, ಇಲ್ಲವೇ ಜಜ್ಜಿಹೋಗದಷ್ಟು ಜಾಗ ಇರಬೇಕು, ನಡುವಿನದ್ದು ಬೇಡ. ಪೂರ್ತಿ ಉದ್ದಕ್ಕೆ ಸ್ಟೇನ್‌ಲೆಸ್ ಪಿಯಾನೊ ಹಿಂಜ್ ಹಾಕಿ, ಸಂದನ್ನು ಎಲ್ಲೂ ಐದರ ಒಳಗೇ ಇಟ್ಟೆ. ಮಾಮೂಲಿ ಕಬ್ಬಿಣದ್ದು ನಮ್ಮೂರ ಹವೆಗೆ ಒಂದು ಮಳೆಗಾಲದಲ್ಲೇ ತುಕ್ಕು ಹಿಡಿಯುತ್ತದೆ.

ಮುಂದಿನ ಹಲಗೆಯ ಮತ್ತು ಎರಡು ಬದಿಯ ಹಲಗೆಗಳ ಮೇಲಂಚನ್ನು ಎರಡೂ ತುದಿಯಲ್ಲಿ ಎರಡೆರಡು ಇಂಚು ಬಿಟ್ಟು 20 ಎಂಎಂ ಕೆಳಕ್ಕೆ ಕೆತ್ತಿದ್ದೇನೆ. ಮುಚ್ಚಳ ಕೂರುವುದು ಮೂಲೆಗಳ ಮೇಲೆ ಮತ್ತು ಹಿಂದಿನ ಹಲಗೆಯ ಮೇಲೆ ಮಾತ್ರ. ಮಗು ಅಂಚು ಹಿಡಿದಿರುವಾಗ ಮುಚ್ಚಿದರೂ ಬೆರಳಿಗೆ ಜಾಗ ಉಳಿಯುತ್ತದೆ. ಅದೇ ಸಂದು ಗಾಳಿಗೂ ಆಯಿತು. ಮಕ್ಕಳು ಪೆಟ್ಟಿಗೆಯ ಒಳಗೆ ಅಡಗಿ ಕೂರದೆ ಇರುವುದಿಲ್ಲ. 30 ಲೀಟರಿಗಿಂತ ದೊಡ್ಡ ಮುಚ್ಚಿದ ಜಾಗಕ್ಕೆ 650 ಚದರ ಎಂಎಂನ ಎರಡು ಕಿಂಡಿಯಾದರೂ, 150 ಎಂಎಂ ಅಂತರದಲ್ಲಿ ಇರಬೇಕೆಂದು ಲೆಕ್ಕ. ನಮ್ಮದು ಎಂಬತ್ತು ಲೀಟರು ದಾಟುತ್ತದೆ, ಕಿಂಡಿಯೂ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು. ಗಾಳಿಯ ತೂತನ್ನು ಹಿಂಬದಿಗೆ ಕೊರೆಯುವವರನ್ನು ಕಂಡಿದ್ದೇನೆ. ಪೆಟ್ಟಿಗೆ ಗೋಡೆಗೆ ತಾಗಿ ಕೂತ ಮೇಲೆ ಆ ತೂತು ಇದ್ದೂ ಇಲ್ಲ. ಚಿಲಕ, ಕೊಂಡಿ, ಮ್ಯಾಗ್ನೆಟ್ ಯಾವುದೂ ಇಲ್ಲ, ಒಳಗಿನಿಂದ ತಲೆಯಲ್ಲಿ ನೂಕಿದರೂ ತೆರೆಯಬೇಕು. ಈ ಸಂದಿನಲ್ಲಿ ಹಲ್ಲಿ ನುಗ್ಗುವುದಿಲ್ಲವೇ ಎಂದರೆ, ನುಗ್ಗುತ್ತದೆ. ಮೇಲಿನಿಂದ ಬೀಳುವುದು ತಪ್ಪಿತಲ್ಲ, ಅಷ್ಟು ಸಾಕು.

ಜೋಡಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂಲೆಗೆ ಗಾಡಿ (ಹಲಗೆ ಕೂರುವ ತೋಡು) ಕೊರೆದು ಅಂಟು ಹಾಕಿ, ಆಚಾರಿಯವರ ಮಾತಿನಂತೆ ಬಿದಿರಿನ ಆಣಿ ಹೊಡೆದೆ. ಮೂಲೆಗಳಲ್ಲಿ ಮೇಲೆದ್ದು ಬರುವ ಲೋಹದ ಮೊಳೆಯೇ ಇಲ್ಲ. ತಳದ ಪ್ಲೈಯನ್ನು ಗಾಡಿಯಲ್ಲಿ ಕೂರಿಸಿದ್ದೇನೆ, ಹಲಸು ಹಿಗ್ಗಿ ಕುಗ್ಗಲು ಅದರಿಂದ ತೊಂದರೆಯಿಲ್ಲ. ಮುಚ್ಚಳದ ಸದ್ದು ತಡೆಯಲು ಅಂಟಿಸುವ ರಬ್ಬರ್ ಬೊಟ್ಟುಗಳನ್ನು ಹಾಕಲೇ ಇಲ್ಲ. ಅವು ಕಿತ್ತು ಬರುತ್ತವೆ, ಬಂದದ್ದು ನೇರ ಬಾಯಿಗೆ.

ಬಣ್ಣದ ವಿಷಯಕ್ಕೆ ಊರಲ್ಲಿ ಎಲ್ಲರ ಹತ್ತಿರವೂ ಸಲಹೆ ಇತ್ತು. ಮರಕ್ಕೆ ಗೇರೆಣ್ಣೆ (ಗೋಡಂಬಿ ಸಿಪ್ಪೆಯ ಎಣ್ಣೆ) ಬಳಿಯುವುದು ನಮ್ಮ ಕಡೆಯ ಹಳೆಯ ಪದ್ಧತಿ. ಮಾಡಿನ ಮರಗಳಾದ ಪಕ್ಕಾಸು, ರೀಪಿಗೆ ಅದಕ್ಕಿಂತ ಒಳ್ಳೆಯದಿಲ್ಲ, ಆದರೆ ಚರ್ಮಕ್ಕೆ ತಾಗಿದರೆ ಬೊಕ್ಕೆ ಏಳುತ್ತದೆ. ಮಕ್ಕಳ ಸಾಮಾನಿನ ಹತ್ತಿರವೂ ಸುಳಿಯಬಾರದು. ತೆಂಗಿನೆಣ್ಣೆ ಒಣಗುವುದೇ ಇಲ್ಲ. ಅಟ್ಟದಲ್ಲಿದ್ದ ಹಳೆಯ ಎನಾಮಲ್ ಡಬ್ಬಿಯನ್ನು ತೆರೆಯಲೂ ಇಲ್ಲ. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ, ಡಬ್ಬಿ ಅದಕ್ಕಿಂತ ಹಿಂದಿನದು. ಕೊನೆಗೆ ಆರಿಸಿದ್ದು ಅರಗು. ಚನ್ನಪಟ್ಟಣದವರು ಆಲೆ ಮರದ ಆಟಿಕೆಗೆ ಹಚ್ಚುವುದೂ ಅದನ್ನೇ. ಅವರು ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೆ ಅರಗು ಕರಗಿ ಹಿಡಿಯುತ್ತದೆ. ಪೆಟ್ಟಿಗೆಯನ್ನು ಹಾಗೆ ತಿರುಗಿಸಲಾಗುವುದಿಲ್ಲವಲ್ಲ, ಹಾಗಾಗಿ ಶೆಲ್ಲಾಕ್, ಅಂದರೆ ಶುದ್ಧಮಾಡಿದ ಅರಗಿನ ಚಕ್ಕೆಯನ್ನು ಅರ್ಧ ಲೀಟರ್ ಸ್ಪಿರಿಟ್ಟಿಗೆ 100 ಗ್ರಾಂನಂತೆ ರಾತ್ರಿ ನೆನೆಸಿ, ಸೋಸಿ, ಹತ್ತಿಯ ಗಂಟಿನಲ್ಲಿ ತೆಳ್ಳಗೆ ಹಚ್ಚಿದೆ. ಪಾಲಿಶ್ ಪೇಪರ್ 80, 120, 220 ಆದ ಮೇಲೆ, ಪ್ರತಿ ಮೂಲೆಯೂ ಅಂಗೈಗೆ ಗುಂಡಗೆ ಸಿಗುವ ಹಾಗಾದ ಮೇಲೆ. ಈ ಕೆಲಸಕ್ಕೆ ಒಣ ಹವೆ ಬೇಕು. ಜುಲೈಯಲ್ಲಿ ಹಚ್ಚಿದರೆ ಬೆಳ್ಳಗೆ ಮಂಜು ಹಿಡಿಯುತ್ತದೆ. ಸ್ಪಿರಿಟ್ಟಿನ ವಾಸನೆ ಪೂರ್ತಿ ಹೋಗುವವರೆಗೆ ಪೆಟ್ಟಿಗೆ ಜಗಲಿಯಲ್ಲೇ ಇತ್ತು.

ಆಟಿಕೆ ತುಂಬುವ ಮೊದಲು ಮಗುವಿನ ಬೆರಳಿನ ಬದಲಿಗೆ ಎಳೆ ಮುಳ್ಳುಸೌತೆ ಹಿಡಿದು ಸುತ್ತಲೂ ಪರೀಕ್ಷಿಸಿದೆ. ಅಂಚಿನಲ್ಲಿಟ್ಟು ಮುಚ್ಚಳ ಬಿಡುವುದು, ಗಾಯವಾಗಿದೆಯೇ ನೋಡುವುದು. ಮುಂದೆ, ಬದಿಗೆ ಏನೂ ಆಗಲಿಲ್ಲ. ಸ್ಟೇಯ ಕೀಲಿನ ಹತ್ತಿರ ಸಿಪ್ಪೆ ಗೀರಿತು. ಅಲ್ಲಿಗೆ ಹಲಸಿನದೇ ತುಂಡೊಂದನ್ನು ಕೊರೆದು ಮರೆ ಕೂರಿಸಿದೆ. ಈಗ ತಿಂಗಳಿಗೊಮ್ಮೆ ಮುಚ್ಚಳವನ್ನು ಅರ್ಧಕ್ಕೆ ಎತ್ತಿ ಕೈಬಿಟ್ಟು ನೋಡುತ್ತೇನೆ. ಇಳಿಯತೊಡಗಿದರೆ ಸ್ಟೇಯ ಸ್ಕ್ರೂ ಕಾಲು ಸುತ್ತು ಬಿಗಿ, ಅದಕ್ಕೂ ನಿಲ್ಲದಿದ್ದರೆ ಹೊಸ ಸ್ಟೇ ಬರುವವರೆಗೆ ಮುಚ್ಚಳ ಕಳಚಿ ಅಟ್ಟಕ್ಕೆ.