ಕಾಲಲ್ಲಿ ತುಳಿ, ಕೈ ತೊಳಿ

ಹೈಸ್ಕೂಲಿನ ಮಕ್ಕಳನ್ನು ‘ಕೈ ತೊಳೀತೀರಾ?’ ಅಂತ ಕೇಳಿ ನೋಡಿ, ಎಲ್ಲರೂ ‘ಹೂಂ’ ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2003ರಿಂದ ಬೇರೆ ಬೇರೆ ದೇಶಗಳ ಶಾಲೆಗಳಲ್ಲಿ ನಡೆಸುತ್ತಿರುವ ವಿದ್ಯಾರ್ಥಿ ಆರೋಗ್ಯ ಸಮೀಕ್ಷೆಯಲ್ಲಿ ಈ ಪ್ರಶ್ನೆಯನ್ನು ಮೂರು ಮಾಡಿ ಕೇಳುತ್ತಾರೆ. ಕಳೆದ 30 ದಿನಗಳಲ್ಲಿ ಊಟಕ್ಕೆ ಮೊದಲು ಎಷ್ಟು ಸಲ ತೊಳೆದೆ, ಶೌಚಾಲಯಕ್ಕೆ ಹೋಗಿ ಬಂದ ಮೇಲೆ ಎಷ್ಟು ಸಲ, ಸೋಪು ಹಚ್ಚಿ ಎಷ್ಟು ಸಲ. ಹೀಗೆ ಬಿಡಿಸಿ ಕೇಳಿದರೂ ಬಾಯಲ್ಲಿ ಹೇಳುವ ಲೆಕ್ಕ, ನಲ್ಲಿಯ ಹತ್ತಿರ ನಿಂತು ನೋಡಿದ ಲೆಕ್ಕಕ್ಕಿಂತ ಮೇಲೆಯೇ ಇರುತ್ತದೆ. ಮಕ್ಕಳನ್ನು ದೂರಿ ಪ್ರಯೋಜನವಿಲ್ಲ. ಯುನಿಸೆಫ್ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಜಂಟಿ ವರದಿಯ ಪ್ರಕಾರ 2019ರಲ್ಲಿ ಜಗತ್ತಿನ ಶೇ 43ರಷ್ಟು ಶಾಲೆಗಳಲ್ಲಿ ನೀರು, ಸೋಪು ಎರಡೂ ಇರುವ ಕೈತೊಳೆಯುವ ಜಾಗ ಇರಲಿಲ್ಲ. ಅಷ್ಟು ಶಾಲೆಗಳ ಮಕ್ಕಳನ್ನು ಎಣಿಸಿದರೆ 81.8 ಕೋಟಿ.

ಹಾಗಾಗಿ ಮೊದಲು ಜಾಗ, ಆಮೇಲೆ ಬುದ್ಧಿಮಾತು. ಜಿಂಬಾಬ್ವೆಯಲ್ಲಿ ಹುಟ್ಟಿದ ‘ಟಿಪ್ಪಿ ಟ್ಯಾಪ್’ ಇದಕ್ಕೆ ತಕ್ಕದ್ದು. ಕಾಲಲ್ಲಿ ತುಳಿದರೆ ಕ್ಯಾನು ಬಾಗಿ ನೀರು ಬರುತ್ತದೆ, ಕೊಳೆ ಕೈಯಿಂದ ಏನನ್ನೂ ಮುಟ್ಟಬೇಕಾಗಿಲ್ಲ. ಕೊಡಗಿನ ಮಳೆಗೆ ಒಂದೆರಡು ಬದಲಾವಣೆ ಬೇಕು, ಅಷ್ಟೆ.

ಬೇಕಾಗುವ ಸಾಮಾನು: ಹಿಡಿ ಇರುವ 5 ಲೀಟರಿನ ಎಣ್ಣೆ ಕ್ಯಾನು, 1.8 ಮೀಟರ್ ಉದ್ದದ ಎರಡು ಕವೆಗೋಲು, ಅಡ್ಡಕ್ಕೆ 1 ಮೀಟರಿನ ಗಟ್ಟಿ ಬಿದಿರು, ತುಳಿಯಲು ಅಷ್ಟೇ ಉದ್ದದ ಕೋಲು, ನೈಲಾನ್ ಹಗ್ಗ, ಒಂದು ಮೊಳೆ, ಒಂದು ಬುಟ್ಟಿ ಜಲ್ಲಿ. ತೆಂಗಿನ ನಾರಿನ ಹಗ್ಗ ಬೇಡ, ಜುಲೈ ಮಳೆಯಲ್ಲಿ ಕೊಳೆತು ಕಿತ್ತುಹೋಗುತ್ತದೆ. ಕವೆಗೋಲಿಗೆ ತೋಟದಲ್ಲಿ ಸಿಗುವ ಮುಳ್ಳಿಲ್ಲದ ಹಾಲುವಾಣದ ಕೊಂಬೆಯಾದರೆ ಇನ್ನೂ ಒಳ್ಳೆಯದು. ಮಳೆ ಹಿಡಿಯುವ ಹೊತ್ತಿಗೆ ನೆಟ್ಟರೆ ಅದು ಬೇರು ಬಿಟ್ಟು ನಿಲ್ಲುತ್ತದೆ. ಸತ್ತ ಕಂಬಕ್ಕೆ ಗೆದ್ದಲು ಹತ್ತುತ್ತದೆ, ಜೀವಂತ ಕಂಬಕ್ಕೆ ಆ ಕಾಟ ಕಡಿಮೆ. ವರ್ಷಕ್ಕೊಮ್ಮೆ ಚಿಗುರು ಸವರಿದರೆ ಸಾಕು.

ಕವೆಗೋಲುಗಳ ನಡುವೆ ಎರಡಡಿ ಬಿಟ್ಟು 60 ಸೆಂ.ಮೀ. ಆಳಕ್ಕೆ ನೆಡಿ. ಬೇರೆ ಕಡೆ 45 ಸಾಕು, ನೆನೆದು ಮೆತ್ತಗಾಗುವ ನಮ್ಮ ಮಣ್ಣಿಗೆ ಸಾಲದು. ಮೇಲೆ ಉಳಿಯುವ 1.2 ಮೀಟರ್ ಹೈಸ್ಕೂಲಿನವರಿಗೆ ಸರಿ, ಚಿಕ್ಕ ಮಕ್ಕಳಿಗಾದರೆ 90 ಸೆಂ.ಮೀ.

ಮೊಳೆ ಕಾಯಿಸಿ ಕ್ಯಾನಿನ ಮುಂಭಾಗದಲ್ಲಿ, ಮುಚ್ಚಳದಿಂದ ಸುಮಾರು 12 ಸೆಂ.ಮೀ. ಕೆಳಗೆ 2 ಮಿ.ಮೀ. ತೂತು ಮಾಡಿ. ತಪ್ಪಾಗುವುದು ಇಲ್ಲೇ. ತೂತು ದೊಡ್ಡದಾದರೆ ಹತ್ತೇ ಮಕ್ಕಳಿಗೆ ನೀರು ಖಾಲಿ. ತೀರ ಕೆಳಗಾದರೆ ತುಳಿಯದೆಯೂ ತೊಟ್ಟಿಕ್ಕುತ್ತದೆ. ಮುಚ್ಚಳದಲ್ಲೂ ಒಂದು ತೂತು ಬೇಕು. ಹಗ್ಗ ತೂರಿಸಿ ಒಳಗಡೆ ಸಣ್ಣ ಕಡ್ಡಿಗೆ ಕಟ್ಟುವುದು ಅದರಲ್ಲೇ, ಗಾಳಿ ಒಳಗೆ ಹೋಗುವುದೂ ಅದರಲ್ಲೇ. ಗಾಳಿಯಾಡದಿದ್ದರೆ ನೀರು ಗುಳುಗುಳು ಎಂದು ತಡೆದು ತಡೆದು ಬರುತ್ತದೆ.

ಬಿದಿರನ್ನು ಕ್ಯಾನಿನ ಹಿಡಿಯೊಳಗೆ ತೂರಿಸಿ ಕವೆಗಳ ಮೇಲಿಟ್ಟು ಬಿಗಿಯಿರಿ. ಮುಚ್ಚಳದ ಹಗ್ಗವನ್ನು ತುಳಿಯುವ ಕೋಲಿನ ತುದಿಗೆ ಕಟ್ಟಿ. ಆ ತುದಿ ನೆಲದಿಂದ 15 ಸೆಂ.ಮೀ. ಮೇಲಿರಲಿ, ಇನ್ನೊಂದು ತುದಿ ನೆಲಕ್ಕೆ ತಾಗಿರಲಿ. ಹಗ್ಗ ಉದ್ದವಾದರೆ ಎಷ್ಟು ತುಳಿದರೂ ಕ್ಯಾನು ಬಾಗದು. ಗಿಡ್ಡವಾದರೆ ಸದಾ ಬಾಗಿಯೇ ನಿಂತಿರುತ್ತದೆ. ತೂತಿನ ಮಟ್ಟಕ್ಕೆ ತುಂಬಿಸಿದರೆ ಸುಮಾರು 4 ಲೀಟರ್ ನೀರು ನಿಲ್ಲುತ್ತದೆ. ಒಬ್ಬರಿಗೆ 200 ಮಿ.ಲೀ. ಹಿಡಿದರೂ 20 ಮಕ್ಕಳಿಗೆ ಆಯಿತು. ಬಿಸಿಯೂಟಕ್ಕೆ 60 ಮಕ್ಕಳಿದ್ದರೆ ಮೂರು ಬೇಕು, ಇಲ್ಲವಾದರೆ ಸಾಲು ಬೆಳೆದು ದೊಡ್ಡ ಹುಡುಗರು ಮೊದಲು ಜಾರಿಕೊಳ್ಳುತ್ತಾರೆ. ಕೆಳಗೆ 40 ಸೆಂ.ಮೀ. ಚೌಕ, 10 ಸೆಂ.ಮೀ. ಆಳದ ಗುಂಡಿಗೆ ಜಲ್ಲಿ ತುಂಬಿ, ಹೆಚ್ಚಿನ ನೀರು ಬಾಳೆ ಬುಡಕ್ಕೆ ಹೋಗುವಂತೆ ಕಾಲುವೆ ಬಿಡಿ.

ಒಂದು ಟ್ಯಾಪ್ ಶೌಚಾಲಯದ ಬಾಗಿಲಿಂದ ಹತ್ತು ಹೆಜ್ಜೆಯೊಳಗೆ ಇರಲಿ, ಇನ್ನೊಂದು ಊಟದ ಜಗಲಿಯ ಪಕ್ಕ. ಹುಡುಗಿಯರಿಗೆ ಗೋಡೆಯ ಮರೆಯಲ್ಲಿ ಬೇರೆಯೇ ಇರಲಿ. ಮುಟ್ಟಿನ ದಿನಗಳಲ್ಲಿ ಪ್ಯಾಡ್ ಬದಲಿಸುವ ಮೊದಲೂ ಆಮೇಲೂ ಕೈ ತೊಳೆಯಬೇಕು. ಎಲ್ಲರೆದುರು ಅಂದರೆ ಯಾರೂ ತೊಳೆಯುವುದಿಲ್ಲ.

ಸೋಪಿನ ಬಿಲ್ಲೆ ಮಳೆಗೆ ಕರಗದಂತೆ ಈರುಳ್ಳಿ ಚೀಲದ ಬಲೆಯಲ್ಲಿ ಕಟ್ಟಿ, ಮೇಲೆ ತೆಂಗಿನ ಚಿಪ್ಪು ಕವುಚಿ ತೂಗುಹಾಕಿ. ಇನ್ನೂ ಅಗ್ಗದ ದಾರಿಯೆಂದರೆ ಒಂದೂವರೆ ಲೀಟರ್ ನೀರಿಗೆ 30 ಗ್ರಾಂ ಬಟ್ಟೆ ಸೋಪಿನ ಪುಡಿ ಕಲಸಿ, ಮುಚ್ಚಳಕ್ಕೆ ತೂತು ಮಾಡಿದ ಬಾಟಲಿಯಲ್ಲಿಡುವುದು. ಬಾಟಲಿಯ ಮೇಲೆ ‘ಸೋಪು ನೀರು’ ಎಂದು ದಪ್ಪಕ್ಷರದಲ್ಲಿ ಬರೆದಿರಲಿ, ಕುಡಿಯುವ ನೀರೆಂದು ಎತ್ತಿಕೊಳ್ಳಬಾರದು.

ತೊಳೆಯುವಾಗ ಅಂಗೈ ತಿಕ್ಕುವುದು ಎಲ್ಲರಿಗೂ ಗೊತ್ತು. ಬಿಟ್ಟುಹೋಗುವುದು ಹೆಬ್ಬೆರಳು, ಬೆರಳ ಸಂದು, ಉಗುರು. ಹೆಬ್ಬೆರಳನ್ನು ಇನ್ನೊಂದು ಮುಷ್ಟಿಯಲ್ಲಿ ಹಿಡಿದು ತಿರುವಬೇಕು, ಉಗುರಿನ ತುದಿಯನ್ನು ಅಂಗೈಯ ನೊರೆಯಲ್ಲಿ ಕೆರೆಯಬೇಕು. ಒಟ್ಟು 20 ಸೆಕೆಂಡ್ ತಿಕ್ಕಿದರೆ ಸಾಕು. ರಜೆಯಲ್ಲಿ ಕಾಫಿ ಹಣ್ಣು ಕುಯ್ಯುವ ಮಕ್ಕಳ ಬೆರಳಲ್ಲಿ ಅಂಟೂ ಮಣ್ಣೂ ಸೇರಿ ಕಪ್ಪಗೆ ಕೂತಿರುತ್ತದೆ. ಆ ಕೈಗೆ ಸ್ಯಾನಿಟೈಸರ್ ಹಚ್ಚಿದರೆ ಕೆಲಸ ಮಾಡುವುದಿಲ್ಲ. ಜಂತುಹುಳದ ಮೊಟ್ಟೆಯೂ ಅದಕ್ಕೆ ಜಗ್ಗದು. ಸೋಪು ಹಚ್ಚಿ ತಿಕ್ಕಿಯೇ ತೆಗೆಯಬೇಕು.

ಡಿಸೆಂಬರಿನ ಮಡಿಕೇರಿ ಚಳಿಯಲ್ಲಿ ಬೆರಳ ತುದಿ ಅದ್ದಿ ಓಡುವವರೇ ಹೆಚ್ಚು. ಕೊಳೆ ಹೋಗಲು ಬಿಸಿ ನೀರೇ ಬೇಕೆಂದಿಲ್ಲ. ಆದರೂ ಬೆಳಗ್ಗೆಯೇ ಕ್ಯಾನು ತುಂಬಿಸಿ ಬಿಸಿಲು ಬೀಳುವಲ್ಲಿಟ್ಟರೆ ಊಟದ ಹೊತ್ತಿಗೆ ಚಳಿ ಬಿಟ್ಟಿರುತ್ತದೆ. ತೊಳೆದ ಕೈಯನ್ನು ಯೂನಿಫಾರಂಗೆ ಒರೆಸುವುದೂ ಬೇಡ, ಹತ್ತು ಜನರ ಒಂದೇ ಟವೆಲೂ ಬೇಡ. ಕೊಡವಿ ಗಾಳಿಗೆ ಒಣಗಿಸಲಿ.

ತೊಳೆಯುತ್ತಿದ್ದಾರಾ ಅಂತ ತಿಳಿಯಬೇಕಾದರೆ ಮಕ್ಕಳನ್ನು ಕೇಳಬೇಡಿ, ಸೋಪನ್ನು ನೋಡಿ. ಹೊಸ ಬಿಲ್ಲೆ ಕಟ್ಟಿದ ದಿನವನ್ನು ಗೋಡೆಯ ಮೇಲೆ ಬರೆದಿಡಿ. ಅರವತ್ತು ಮಕ್ಕಳ ಶಾಲೆಯಲ್ಲಿ ತಿಂಗಳಾದರೂ ಬಿಲ್ಲೆಯ ಮೇಲಿನ ಅಕ್ಷರ ಅಳಿಸಿಲ್ಲ ಅಂದರೆ ಎಲ್ಲೋ ತೊಡಕಿದೆ. ಹೆಚ್ಚಾಗಿ ತೂತಿಗೆ ಪಾಚಿ ಕಟ್ಟಿರುತ್ತದೆ, ಒಂದು ಪಿನ್ನು ಚುಚ್ಚಿದರೆ ಸರಿಹೋಗುತ್ತದೆ.