ಆದಿಕಾರಣದ ವಾದ: ಗೋಳಗುಮ್ಮಟದ ಕೆಳಗೆ ನಿಂತು ಓದುವ ಬಗೆ

ದೇವರಿದ್ದಾನೆ ಎನ್ನಲು ಕ್ರೈಸ್ತ ತತ್ವಶಾಸ್ತ್ರ ಕೊಡುವ ವಾದಗಳಲ್ಲಿ ಆದಿಕಾರಣದ್ದು ಬಹಳ ಪ್ರಸಿದ್ಧ. ಜನ ತಪ್ಪಾಗಿ ತಿಳಿದಿರುವುದೂ ಅದನ್ನೇ ಹೆಚ್ಚು. ಸಂತ ಥಾಮಸ್ ಅಕ್ವಿನಾಸ್ (1225–1274) ‘ಸುಮ್ಮಾ ಥಿಯೊಲಾಜಿಯೆ’ ಗ್ರಂಥದ ಮೊದಲ ಭಾಗ, 2ನೇ ಪ್ರಶ್ನೆ, 3ನೇ ಪರಿಚ್ಛೇದದಲ್ಲಿ ದೇವರಿದ್ದಾನೆ ಎಂದು ತೋರಿಸುವ ಐದು ದಾರಿಗಳನ್ನು ಹೇಳುತ್ತಾರೆ. ಆದಿಕಾರಣದ ವಾದ ಅವುಗಳಲ್ಲಿ ಎರಡನೆಯದು, ಇಲ್ಲಿ ಅದನ್ನಷ್ಟೇ ಹಿಡಿಯೋಣ. ಒಂದು ಹಾಳೆ, ಒಂದು ಪೆನ್ನು ಸಾಕು.

ಮೊದಲು ‘ಕಾರಣ’ ಎಂಬ ಪದವನ್ನು ಬಿಡಿಸಿಕೊಳ್ಳಿ. ಹಾಳೆಯ ಮೇಲೆ ನಾಲ್ಕು ಕಾಲಂ ಹಾಕಿ, ಮೊದಲ ಸಾಲಿನಲ್ಲಿ ಇಳಕಲ್ ಸೀರೆ ಎಂದು ಬರೆಯಿರಿ. ಹತ್ತಿ, ರೇಷ್ಮೆಯ ನೂಲು ಉಪಾದಾನ ಕಾರಣ. ಒಡಲು, ದಡಿ, ಟೋಪ ತೆನಿ ಸೆರಗು ಎಂದು ಆ ನೂಲು ಪಡೆದ ಆಕಾರ ರೂಪಕಾರಣ. ಮಗ್ಗದಲ್ಲಿ ಕೂತ ನೇಕಾರ ನಿಮಿತ್ತ ಕಾರಣ. ಉಡುವುದು ಉದ್ದೇಶ. ಈ ವಿಂಗಡಣೆ ಅರಿಸ್ಟಾಟಲನದು. ಎರಡನೇ ದಾರಿ ಹಿಡಿಯುವುದು ನಿಮಿತ್ತ ಕಾರಣವನ್ನು ಮಾತ್ರ.

ಎರಡನೇ ಸಾಲಿನಲ್ಲಿ ಜಗತ್ತು ಎಂದು ಬರೆದು, ಉಪಾದಾನದ ಕಾಲಂನಲ್ಲಿ ‘ಇಲ್ಲ’ ಎನ್ನಿ. ಕ್ರೈಸ್ತ ದರ್ಶನದಲ್ಲಿ ದೇವರ ಕೈಯಲ್ಲಿ ಮೊದಲೇ ನೂಲಿರಲಿಲ್ಲ. ಶೂನ್ಯವೂ ಒಂದು ಬಗೆಯ ನೂಲಲ್ಲ. ಹಾಲು ಮೊಸರಾದಂತೆ ದೇವರೇ ಜಗತ್ತಾಗಿ ಮಾರ್ಪಟ್ಟ ಎಂಬ ಪರಿಣಾಮವಾದವೂ ಇದಲ್ಲ. ನಮ್ಮ ಕಡೆಯ ಓದುಗರು ಇಲ್ಲಿ ಒಂದು ಗಳಿಗೆ ನಿಲ್ಲಲೇಬೇಕು, ಯಾಕೆಂದರೆ ಹಾಲು–ಮೊಸರಿನ ಹೋಲಿಕೆ ನಮ್ಮ ನಾಲಿಗೆಗೆ ತಾನಾಗಿ ಬರುತ್ತದೆ.

ಮುಂದಿನದು ಕಾರಣಗಳ ಸರಪಳಿ. ಇಡೀ ವಾದದ ಕೀಲು ಇರುವುದೇ ಇಲ್ಲಿ. ವಿಜಯಪುರದ ಗೋಳಗುಮ್ಮಟದ ಒಳಗೆ ನಿಂತು ಚಪ್ಪಾಳೆ ತಟ್ಟಿದರೆ ಸದ್ದು ಮತ್ತೆ ಮತ್ತೆ ಮರಳುತ್ತದೆ. ಕೈ ಸುಮ್ಮನಾದ ಮೇಲೂ ಪ್ರತಿಧ್ವನಿ ಉಳಿಯುತ್ತದೆ. ಅಜ್ಜ, ಅಪ್ಪ, ಮಗ ಎಂಬ ಸರಪಳಿಯೂ ಹೀಗೇ: ಅಜ್ಜ ತೀರಿಹೋದರೂ ಮೊಮ್ಮಗ ಇರುತ್ತಾನೆ. ಈಗ ತಲೆಯೆತ್ತಿ ನೋಡಿ. ಸುಮಾರು 44 ಮೀಟರ್ ಹೊರವ್ಯಾಸದ ಗುಮ್ಮಟವನ್ನು ಒಂದನ್ನೊಂದು ಹಾಯುವ ಎಂಟು ಕಮಾನುಗಳು ಹೊತ್ತಿವೆ. ಕಮಾನುಗಳನ್ನು ಗೋಡೆ, ಗೋಡೆಯನ್ನು ತಳಪಾಯ ಹೊತ್ತಿವೆ. 1656ರ ಹೊತ್ತಿಗೆ ಕಟ್ಟಿದವರು ಇಂದು ಇಲ್ಲ, ಗುಮ್ಮಟ ಇದೆ. ಆದರೆ ಈ ಕ್ಷಣ ಕಮಾನು ಇಲ್ಲವಾದರೆ ಈ ಕ್ಷಣವೇ ಗುಮ್ಮಟವೂ ಇಲ್ಲ.

ಅಕ್ವಿನಾಸ್ ಕೇಳುವುದು ಗುಮ್ಮಟ–ಕಮಾನಿನಂಥ ಈ ಎರಡನೇ ಬಗೆಯ ಸರಪಳಿಯನ್ನು. ‘ಆದಿ’ ಎಂದರೆ ಕಾಲದಲ್ಲಿ ಹಿಂದೆ ಎಂದಲ್ಲ, ಆಧಾರದಲ್ಲಿ ಕೆಳಗೆ ಎಂದು. ಜಗತ್ತಿಗೆ ಕಾಲದಲ್ಲಿ ಆರಂಭವಿತ್ತೆಂಬುದನ್ನು ತರ್ಕದಿಂದ ಸಾಧಿಸಲಾಗದು, ಅದು ವಿಶ್ವಾಸದ ವಿಷಯ ಎಂದು ಅವರೇ 46ನೇ ಪ್ರಶ್ನೆಯಲ್ಲಿ ಹೇಳುತ್ತಾರೆ. ಆದ್ದರಿಂದ ಈ ವಾದಕ್ಕೆ ಬಿಗ್ ಬ್ಯಾಂಗ್ ತಂದು ಜೋಡಿಸುವುದು ಬೇಡ.

ಸರಪಳಿ ಕೊನೆಯಿಲ್ಲದೆ ಏಕೆ ಹೋಗಬಾರದು? ಕೈಗಡವನ್ನು ನೆನೆಯಿರಿ. ನಿಮಗೆ ನೂರು ರೂಪಾಯಿ ಕೊಟ್ಟವರು ಇನ್ನೊಬ್ಬರಿಂದ ತಂದವರು, ಅವರು ಮತ್ತೊಬ್ಬರಿಂದ. ಕಡ ತಂದವರನ್ನೇ ಎಷ್ಟು ಸಾಲಾಗಿ ನಿಲ್ಲಿಸಿದರೂ ನೋಟು ಹುಟ್ಟುವುದಿಲ್ಲ. ಸ್ವಂತ ಹಣ ಇದ್ದವರೊಬ್ಬರು ಬೇಕು. ಕಮಾನಿನ ಬಲ, ನೆಲದ ಬಲ, ಕಲ್ಲಿನ ಇರವು ಎಲ್ಲವೂ ಪಡೆದದ್ದು. ಇರವನ್ನು ಯಾರಿಂದಲೂ ಪಡೆಯದೆ ತಾನೇ ಇರವಾಗಿರುವುದನ್ನು ಅಕ್ವಿನಾಸ್ ದೇವರು ಎನ್ನುತ್ತಾರೆ.

ಇನ್ನು ಎಡವುವ ಜಾಗಗಳು. ‘ಹಾಗಾದರೆ ದೇವರನ್ನು ಮಾಡಿದವರು ಯಾರು?’ ಎಂಬ ಪ್ರಶ್ನೆ ಬಂದರೆ ನೀವು ವಾದ ಶುರುಮಾಡಿದ ಮೊದಲ ವಾಕ್ಯ ನೋಡಿ. ‘ಎಲ್ಲಕ್ಕೂ ಕಾರಣವಿದೆ’ ಎಂದು ಬರೆದಿದ್ದರೆ ತಪ್ಪು ನಿಮ್ಮದೇ. ‘ಪಡೆದ ಇರವಿಗೆ ಕಾರಣವಿದೆ’ ಎಂದು ತಿದ್ದಿ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. 1948ರ ಬಿಬಿಸಿ ಸಂವಾದದಲ್ಲಿ ದಾರ್ಶನಿಕ ಬರ್ಟ್ರಂಡ್ ರಸೆಲ್, ಬಿಡಿ ವಸ್ತುಗಳಿಗೆ ಕಾರಣವಿದೆಯೆಂದು ಇಡೀ ವಿಶ್ವಕ್ಕೂ ಕಾರಣ ಬೇಕಿಲ್ಲ, ಅದು ಸುಮ್ಮನೆ ಇದೆ ಎಂದು ಕೊಪ್ಲ್‌ಸ್ಟನ್ ಪಾದ್ರಿಗೆ ಉತ್ತರಿಸಿದರು. ಇದನ್ನು ತಳ್ಳಿಹಾಕದೆ ಹಾಳೆಯ ಹಿಂಬದಿಗೆ ಬರೆದುಕೊಳ್ಳಿ. ಎರಡನೇ ದಾರಿ ವಿಶ್ವವನ್ನು ಗಂಟು ಕಟ್ಟಿ ಆರಂಭಿಸುವುದಿಲ್ಲ, ಕಣ್ಣೆದುರಿನ ಒಂದು ಕಲ್ಲಿನಿಂದಲೂ ಆರಂಭಿಸಬಹುದು ಎಂಬುದು ಅದಕ್ಕೆ ಕೊಡಬಹುದಾದ ಉತ್ತರ.

ಈ ವಾದ ತ್ರಿತ್ವದವರೆಗೆ, ಅಂದರೆ ಒಬ್ಬನೇ ದೇವರಲ್ಲಿ ತಂದೆ, ಮಗ, ಪವಿತ್ರಾತ್ಮ ಎಂಬ ಮೂವರು ಎನ್ನುವ ನಂಬಿಕೆಯವರೆಗೆ, ಒಯ್ಯುವುದಿಲ್ಲ. ಅದು ದೇವರು ತಾನಾಗಿ ತಿಳಿಸಿದ್ದರಿಂದ ಮಾತ್ರ ಗೊತ್ತಾಗುವಂಥದ್ದು ಎಂಬುದು 32ನೇ ಪ್ರಶ್ನೆಯಲ್ಲಿದೆ. ಆದಿಕಾರಣ ಒಂದೇ ಏಕೆ, ಅದಕ್ಕೆ ದೇಹವಿಲ್ಲ ಏಕೆ ಎಂಬ ಪ್ರಶ್ನೆ ಉಳಿದವರು 3ರಿಂದ 11ನೇ ಪ್ರಶ್ನೆಯವರೆಗೆ ಬಿಡದೆ ಓದಿ.